ಮೊಲದ ಕಿವಿ

ಬೀಗಿತ್ತಿಯವರಿಗೆ,

ಪ್ರವಾಸ ಹೊರಟ ನಾವೆಲ್ಲ ಈ ಪರದೇಶಕ್ಕೆ ಸುಖವಾಗಿ ಬಂದು ತಲುಪಿದ್ದೇವೆ. ನಿಮ್ಮ ಮಂಡಿನೋವು ವಿಚಾರಿಸಿ ಅಂತ ನಿಮ್ಮ ಮಗಳು ಹೇಳಿದಳು, ವಿಚಾರಿಸಿದ್ದೇನೆ.

ನಿನ್ನೆ ಮೊಮ್ಮಗಳ ಜೊತೆ ಕಾರ್ಟೂನ್ ಚಿತ್ರಗಳ ಮ್ಯೂಸಿಯಂಗೆ ಹೋಗಿದ್ದೆವು. ಸುತ್ತ ದೊಡ್ಡ ಪಾರ್ಕು. ಒಳಗೆ ಒಂದು ಡಬ್ಬಿ ತಿರುಗಿಸಿದರೆ ಚಿತ್ರದ ಕುದುರೆ ಓಡುತ್ತದೆ. ತೋರಿಸಿದವಳು ನಾನು. ಅವಳು ಅಂದದ್ದು, "ಆ ಅಜ್ಜೀನೂ ನೋಡಬೇಕಿತ್ತು." ದಿನಾ ಶಾಲೆ ಬಿಟ್ಟೊಡನೆ ನಿಮ್ಮ ಮನೆಗೇ ಓಡುತ್ತಾಳಲ್ಲ, ಇಲ್ಲಿಯವರೆಗೂ ನೀವೇ ಬರಬೇಕೆ?

ಆಮೇಲೆ ನೆರಳಿನ ಕೋಣೆ. ಬಿಳಿ ಪರದೆಯ ಮುಂದೆ ಇವಳು ಕೈ ಜೋಡಿಸಿ ಮೊಲ ಮಾಡಿ ಕಿವಿ ಕುಣಿಸಿದಳು. ಜನ ಚಪ್ಪಾಳೆ ತಟ್ಟಿದರು. "ಅಜ್ಜಿ ಕಲಿಸಿದ್ದು" ಅಂದಳು. ನಿಮ್ಮ ಮಗಳು ಅದನ್ನು ಅಲ್ಲಿಯ ಕೆಲಸದವನಿಗೆ ಅವನ ಭಾಷೆಯಲ್ಲಿ ಹೇಳಿದಳು. ಅಲ್ಲಿದ್ದ ಅಜ್ಜಿ ನಾನೊಬ್ಬಳೇ. ಅವನು ಬಂದು ನನ್ನ ಕೈ ಕುಲುಕಿದ. ನಾನೂ ಕುಲುಕಿದೆ. ನಿಮ್ಮ ಸುದ್ದಿ ಎತ್ತಲಿಲ್ಲ.

ಅಷ್ಟಕ್ಕೇ ಬಿಡದೆ ಅವನು ನನ್ನನ್ನೂ ಪರದೆಯ ಮುಂದೆ ನಿಲ್ಲಿಸಿದ. ನನ್ನ ಕೈಯಿಂದ ಹರಿದ ಚಪ್ಪಲಿಯಂಥ ನೆರಳು ಬಿತ್ತು. "ನಿಂಗೆ ಬರಲ್ಲ ಬಿಡಜ್ಜಿ" ಅಂದಳು ನಿಮ್ಮ ಶಿಷ್ಯೆ.

ಅವರು ತಿಂಡಿಗೆ ಹೋದಾಗ ಪಾರ್ಕಿನ ಬೆಂಚಿನ ಮೇಲೆ ಕೂತು ಬಿಸಿಲಿಗೆ ಕೈ ಹಿಡಿದು ಎಷ್ಟೋ ಹೊತ್ತು ಒದ್ದಾಡಿದೆ. ಕಿವಿ ಬಂತು, ಮೂತಿ ಬರಲಿಲ್ಲ.

ಮೊಲ ನಿಮ್ಮದೇ ಇರಲಿ. ಅವಳಿಗೆ ಇನ್ನೂ ಕಲಿಸದ ಪ್ರಾಣಿ ಯಾವುದಾದರೂ ಉಳಿದಿದ್ದರೆ, ಯಾವ ಬೆರಳು ಎಲ್ಲಿ ಅಂತ ಬಿಡಿಸಿ ಬರೆದು ಕಳಿಸಿ. ದಪ್ಪ ಅಕ್ಷರದಲ್ಲಿ ಬರೆಯಿರಿ, ನಾನು ನಿಮ್ಮಷ್ಟು ಓದಿದವಳಲ್ಲ. ಅವಳಿಗೆ ಮಾತ್ರ ಹೇಳಬೇಡಿ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ಹುಡುಗಿಯ ಅಪ್ಪನ ಅಮ್ಮ