ತುಂಬಿದ ಬುತ್ತಿಗೂಡು

ನೀರೆಣಿಕೆಯ ೨೧೪ನೆಯ ವರ್ಷ, ಆಷಾಢದ ಮೂವತ್ತಾರನೆಯ ದಿನ
ಹಿರೇಕಡವು ಬಾಗಿಲುಕಟ್ಟೆ, ಕೃಷ್ಣೆಯ ಬಲದಂಡೆ

ನನ್ನ ನಂತರ ಎಂದೋ ಈ ಕುರ್ಚಿಯಲ್ಲಿ ಕೂರುವ ಜೀವಕ್ಕೆ,

ತಾರೀಖು ನೋಡಿ ನಗಬೇಡ. ಹೊಳೆ ತಿಂಗಳುಗಳ ಮಾತು ಕೇಳುವುದನ್ನು ಬಿಟ್ಟ ಮೇಲೆ, ತಿಂಗಳುಗಳೇ ಹೊಳೆಯ ಮಾತು ಕೇಳಲಿ ಎಂದು ನಮ್ಮ ಹಿರಿಯರು ತೀರ್ಮಾನಿಸಿದರು. ಆದ್ದರಿಂದ ಮಹಾಪೂರ ಬಂದು ಇಳಿಯುವವರೆಗೆ ನಮ್ಮ ಆಷಾಢ ಮುಗಿಯುವುದಿಲ್ಲ. ಒಂದು ವರ್ಷ ಅದು ಐವತ್ತು ದಿನ ಎಳೆದಿತ್ತು. ನಿನ್ನ ಕಾಲಕ್ಕೆ ಈ ಎಣಿಕೆ ಹೋಗಿರಬಹುದು, ನನ್ನ ಪದಗಳೂ ನಿನಗೆ ವಿಚಿತ್ರವಾಗಿ ಕೇಳಬಹುದು. ಕ್ಷಮಿಸು. ಬೇಕೆನಿಸಿದ ಕಡೆ ಬಿಡಿಸಿ ಹೇಳುತ್ತೇನೆ. ಆದರೆ ನನಗೆ ಅರವತ್ತಮೂರು ವರ್ಷ, ಕಣ್ಣು ಉರಿಯುತ್ತಿದೆ, ಹನ್ನೊಂದು ದಿನದಿಂದ ಬೆನ್ನು ನೆಟ್ಟಗಾಗಿಲ್ಲ. ಸಿಹಿಮಾತಿಗೆ ಶಕ್ತಿ ಉಳಿದಿಲ್ಲ.

ನನ್ನ ಹೆಸರು ಅಯ್ಯಮ್ಮ. ಈ ಕಟ್ಟೆಯ ಏಳನೆಯ ಬುತ್ತಿಗಾತಿ. ಕಟ್ಟೆಗೆ ಎಂಟು ಬಾಗಿಲುಗಳಿವೆ, ಎಂಟನ್ನೂ ಎತ್ತಿ ಇಳಿಸುವುದು ಒಂದೇ ಯಂತ್ರ. ಯಂತ್ರವನ್ನು ಆಳುವ ಮೂಲ ಬರಹಕ್ಕೆ ನಾವು ತಿರುಳು ಎನ್ನುತ್ತೇವೆ. ಯಂತ್ರ ಎದ್ದ ಕ್ಷಣದಲ್ಲಿ ಅದಕ್ಕೆ ಏನೂ ಗೊತ್ತಿರುವುದಿಲ್ಲ. ತನ್ನ ನೆನಪೆಲ್ಲ ಇರುವ ತಟ್ಟೆ ಎಲ್ಲಿದೆ, ಅದನ್ನು ಓದುವುದು ಹೇಗೆ ಎಂಬುದೂ ತಿಳಿಯದು. ಓದುವ ವಿದ್ಯೆ ಇರುವುದು ಆ ತಟ್ಟೆಯೊಳಗೇ. ಈ ಪೇಚಿನಿಂದ ಪಾರಾಗಲು ತಿರುಳಿನ ಜೊತೆ ಒಂದು ಚಿಕ್ಕ ಗಂಟು ಕಟ್ಟಿಡಬೇಕು, ತಟ್ಟೆ ಮುಟ್ಟುವಷ್ಟು ದಾರಿಗೆ ಬೇಕಾದದ್ದನ್ನು ಮಾತ್ರ ಅದರಲ್ಲಿ ಹಾಕಬೇಕು. ಹಳಬರು ಅದನ್ನು ಬೂಟ್ ಇಮೇಜ್ ಎನ್ನುತ್ತಿದ್ದರಂತೆ. ನಮಗೆ ಅದು ಬುತ್ತಿ. ಬುತ್ತಿಗಳನ್ನು ಇಡಲು ತಟ್ಟೆಯ ತುದಿಯಲ್ಲಿ ಒಂದು ಸಣ್ಣ ಭಾಗ ಬೇರೆ ಮಾಡಿದ್ದಾರೆ, ಅದಕ್ಕೆ ಬುತ್ತಿಗೂಡು ಎಂದು ಹೆಸರು. ಇನ್ನೂರು ವರ್ಷದ ಹಿಂದೆ ಅದನ್ನು ಅಷ್ಟು ಚಿಕ್ಕದಾಗಿ ಅಳೆದ ಪುಣ್ಯಾತ್ಮ ಯಾರೋ ತಿಳಿಯದು. ಈ ಹನ್ನೊಂದು ದಿನ ಅವನಿಗೆ ನಾನು ಬೈದಷ್ಟು ಯಾರಿಗೂ ಬೈದಿಲ್ಲ.

ಇಲ್ಲಿನ ಪದ್ಧತಿಯನ್ನೂ ಹೇಳಬೇಕು. ಬುತ್ತಿಗಾರರು ತೀರಿಕೊಂಡರೆ ಅವರು ಕಟ್ಟಿದ ಕೊನೆಯ ಬುತ್ತಿಯನ್ನು ಯಾರೂ ಅಳಿಸುವುದಿಲ್ಲ. ಅಳಿಸಲು ಕಟ್ಟಿದವರ ಒಪ್ಪಿಗೆ ಬೇಕು, ಸತ್ತವರು ಒಪ್ಪಿಗೆ ಕೊಡುವುದು ಹೇಗೆ? ವರ್ಷಕ್ಕೊಮ್ಮೆ, ಅವರು ಹೋದ ದಿನದಂದು, ಯಂತ್ರವನ್ನು ಅವರ ಬುತ್ತಿಯಿಂದಲೇ ಎಬ್ಬಿಸುತ್ತೇವೆ. ಮನೆಯವರು ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿಕೊಂಡು ಬರುತ್ತಾರೆ. ಸೂರ್ಯಹಲಗೆಗಳ ಧೂಳು ಒರೆಸುತ್ತಾರೆ, ಪರದೆಗೆ ಕೈಮುಗಿಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಬುತ್ತಿಯಲ್ಲಿ ಒಂದು ಸಾಲು ಬರೆದಿಟ್ಟಿರುತ್ತಾರೆ. ಯಂತ್ರ ಏಳುವಾಗ ಮೊದಲು ಮೂಡುವುದು ಆ ಸಾಲು. ನನ್ನ ಗುರು ಮೌನೇಶಪ್ಪನವರದ್ದು ಹೀಗಿತ್ತು: "ಎದ್ದೇನು? ಮೊದಲ ನೀರ ನೋಡು. ಉಳಿದದ್ದು ಆಮ್ಯಾಲ." ಅವರು ನನಗೆ ಇಪ್ಪತ್ತೆರಡು ವರ್ಷ ಕೆಲಸ ಕಲಿಸಿದರು, ದಿನವೂ ಬೈದರು, ಒಮ್ಮೆಯೂ ಹೊಗಳಲಿಲ್ಲ. ಅವರಿಗೆ ಮನೆ, ಮಕ್ಕಳು, ಬಂಧುಬಳಗ ಯಾವುದೂ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ಅವರ ದಿನಕ್ಕೆ ರೊಟ್ಟಿ ತರುವವಳು ನಾನೊಬ್ಬಳೇ.

ಹೋದ ಬೇಸಿಗೆಯಲ್ಲಿ ನಾಲ್ಕನೆಯ ಮತ್ತು ಐದನೆಯ ಬಾಗಿಲುಗಳ ಮೋಟಾರುಗಳು ಸುಟ್ಟುಹೋದವು. ಮೇಲಿನ ಕಟ್ಟೆಯವರು ತಮ್ಮಲ್ಲಿ ಮಿಕ್ಕಿದ್ದ ಬೇರೆ ಜಾತಿಯ ಎರಡು ಮೋಟಾರು ಕೊಟ್ಟರು. ನಮ್ಮ ಹಳೆಯ ತಿರುಳಿಗೆ ಅವುಗಳ ಭಾಷೆ ಬಾರದು. ಹೊಸ ತಿರುಳು ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಅದು ತಪ್ಪಿಲ್ಲದೆ ಕಟ್ಟಿಕೊಂಡ ದಿನ ನಾನು, ಮೋಟಾರು ನೋಡಿಕೊಳ್ಳುವ ರಜಬಲಿ ಇಬ್ಬರೂ ಬೆಲ್ಲದ ಚಹಾ ಕುಡಿದು ಸಂಭ್ರಮಪಟ್ಟೆವು. ಬುತ್ತಿ ಕಟ್ಟುವುದು ಇನ್ನೇನು, ಅರ್ಧ ತಾಸಿನ ಕೆಲಸ ಎಂದುಕೊಂಡೆ. ಪೂರ ಬರಲು ಹನ್ನೆರಡು ದಿನವಿತ್ತು. ನಡುವಿನ ಎರಡು ಬಾಗಿಲು ಏಳದಿದ್ದರೆ ನೀರು ಬದಿಗಳಿಂದ ನುಗ್ಗಿ ಕೆಳಗಿನ ನಡುಗಡ್ಡೆಯನ್ನು ಕೊರೆದುಕೊಂಡು ಹೋಗುತ್ತದೆ. ಅಲ್ಲಿ ಮುನ್ನೂರನಲವತ್ತು ಜನ. ಜನರನ್ನು ದೋಣಿಯಲ್ಲಿ ದಾಟಿಸಬಹುದು, ಗಡ್ಡೆಯನ್ನು ದಾಟಿಸಲಾಗುವುದಿಲ್ಲ.

ಬುತ್ತಿ ಕಟ್ಟುವ ಸಲಕರಣೆ ಓಡಿತು, ಕೊನೆಯಲ್ಲಿ "ಆಯಿತು" ಎಂದಿತು. ಯಂತ್ರವನ್ನು ಹೊಸ ಬುತ್ತಿಯಿಂದ ಎಬ್ಬಿಸಿದೆ. ಎರಡು ಉಸಿರಿನಷ್ಟು ಹೊತ್ತು ಅಕ್ಷರಗಳು ಓಡಿ, "ಬೇರು ಸಿಗಲಿಲ್ಲ" ಎಂದು ನಿಂತುಬಿಟ್ಟಿತು. ಬೇರು ಎಂದರೆ ಆ ದೊಡ್ಡ ತಟ್ಟೆ. ಹಳೆಯ ಬುತ್ತಿಯಿಂದ ಮತ್ತೆ ಎಬ್ಬಿಸಿ ಯೋಚಿಸಿದೆ. ತಟ್ಟೆ ಓದುವ ಭಾಗವನ್ನು ಹಾಕಲು ಮರೆತಿರಬೇಕು ಎನಿಸಿತು. ನೋಡಿದರೆ ಪಟ್ಟಿಯಲ್ಲಿ ಅದು ಇತ್ತು. ಆದರೂ ಇನ್ನೊಮ್ಮೆ ಸೇರಿಸಿ ಕಟ್ಟಿದೆ. "ಆಯಿತು" ಎಂದಿತು, ಬೇರು ಸಿಗಲಿಲ್ಲ. ತಿರುಳಿನ ಹೆಸರಿಗೂ ಭಾಗಗಳ ಹೆಸರಿಗೂ ಹೊಂದಿಕೆ ತಪ್ಪಿರಬೇಕೆಂದು ಒಂದೊಂದೇ ಅಕ್ಷರ ಕೂಡಿಸಿ ಓದಿದೆ, ಎಲ್ಲ ಸರಿಯಿತ್ತು. ಗಂಟನ್ನು ಒತ್ತಿ ಚಿಕ್ಕದು ಮಾಡುವ ವಿಧಾನ ಬದಲಿಸಿದೆ. ಏಳನೆಯ ದಿನದ ಹೊತ್ತಿಗೆ ನಾನು ಹೆದರಿಕೆಗೆ ಬೇಕಾದ್ದು ಬೇಡದ್ದು ಎಲ್ಲ ತುಂಬುತ್ತಿದ್ದೆ. ಪ್ರತಿ ಸಲವೂ ಸಲಕರಣೆ ನನ್ನ ಮುಖಕ್ಕೆ "ಆಯಿತು" ಎನ್ನುತ್ತಿತ್ತು. ಆ ಪದ ಕಂಡರೆ ಈಗಲೂ ಮೈ ಉರಿಯುತ್ತದೆ.

ಎಂಟನೆಯ ದಿನ ಮಧ್ಯಾಹ್ನ ರಜಬಲಿ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದು ನನ್ನ ಹಿಂದೆ ನಿಂತ. ಅವನಿಗೆ ತಿರುಳು ಬುತ್ತಿಗಳ ವಿದ್ಯೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ನಾನು ಬರೆದಿಟ್ಟಿದ್ದ ಹಾಳೆಯನ್ನು ಸುಮ್ಮನೆ ಓದಿ ಅವನು ಕೇಳಿದ್ದು ಇಷ್ಟು: "ಅಕ್ಕಾ, ನೀ ಎಷ್ಟ ತುಂಬಿದ್ರೂ ಗಂಟು ಅಷ್ಟ ಐತಲ್ಲ? ಹೆಂಗ?" ನೋಡಿದೆ. ಒಂದನ್ನು ಅಳಿಸಿ ಇನ್ನೊಂದು ಕಟ್ಟುತ್ತ ಬಂದ ಒಂಬತ್ತು ಬುತ್ತಿಗಳು, ಒಂದಕ್ಕಿಂತ ಒಂದರಲ್ಲಿ ಹೆಚ್ಚು ಸಾಮಾನು, ಗೂಡಿನಲ್ಲಿ ಮಾತ್ರ ಒಂಬತ್ತರ ಗಾತ್ರವೂ ಕೊನೆಯ ಅಂಕಿಯವರೆಗೆ ಒಂದೇ. ಗೂಡಿನಲ್ಲಿ ಜಾಗ ಇದ್ದಷ್ಟು ಬರೆದು, ಉಳಿದದ್ದನ್ನು ಸಲಕರಣೆ ಸದ್ದಿಲ್ಲದೆ ಚೆಲ್ಲಿಬಿಟ್ಟಿತ್ತು. ತಟ್ಟೆ ಓದುವ ಭಾಗ ಆ ಚೆಲ್ಲಿದ ಅರ್ಧದಲ್ಲಿತ್ತು.

ಜಾಗ ಮುಗಿದರೆ ಸಲಕರಣೆ ಕೂಗಬೇಕಲ್ಲ ಎಂದು ಹುಡುಕಿದೆ. ಕೂಗುವ ಸಾಲನ್ನು ಯಾರೋ ಮುಚ್ಚಿದ್ದರು. ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರು: "ಹಿರ್ಯಾರ ಮನ್ಯಾಗ ಜಾಗ ಇಲ್ಲಂತ ದಿನಾ ಒದರಬಾರದು." ಕೆಳಗೆ ಮೌನೇಶಪ್ಪನವರ ಹೆಸರು. ಒಂದು ಕಾಳು ಸುಳ್ಳು ಸಹಿಸದ ಮನುಷ್ಯ ಸತ್ತವರ ಮೇಲಿನ ಗೌರವಕ್ಕೆ ಯಂತ್ರದ ಬಾಯಿ ಕಟ್ಟಿದ್ದರು. ನನಗೆ ನಗು ಬಂತು, ಆಮೇಲೆ ಅಳು ಬಂತು. ರಜಬಲಿ ಚಹಾ ತರಲು ಹೋದ.

ಇನ್ನು ಮಾಡಬೇಕಾದ್ದು ಸರಳ: ಗೂಡಿನಲ್ಲಿ ಜಾಗ ಮಾಡುವುದು. ನನ್ನ ಹಳೆಯ ಬುತ್ತಿಯನ್ನು ಅಳಿಸಬಹುದಿತ್ತು, ನಾನು ಬದುಕಿದ್ದೇನೆ, ನನ್ನ ಒಪ್ಪಿಗೆಗೆ ಅಡ್ಡಿಯಿಲ್ಲ. ಆದರೆ ಈಗ ಆರು ಬಾಗಿಲುಗಳನ್ನು ನಡೆಸುತ್ತಿರುವುದು ಅದೇ. ಹೊಸದು ಕೈಕೊಟ್ಟರೆ ಯಂತ್ರ ಏಳುವುದೇ ಇಲ್ಲ. ನಕಲು ಮಾಡಿ ಬೇರೆ ಕಡೆ ಇಡಬಹುದಲ್ಲ ಎಂದು ನೀನು ಕೇಳುತ್ತೀಯ. ದೊಡ್ಡ ತಟ್ಟೆ ಸವೆದು ಹೊಳೆಯ ದಿನದ ಅಳತೆಗಷ್ಟೇ ಸಾಕಾಗುತ್ತಿದೆ. ಪೆಟ್ಟಿಗೆಯಲ್ಲಿದ್ದ ಬಿಡಿ ತಟ್ಟೆಗಳಿಗೆ ನಕಲು ಮಾಡಿ ಓದಿಸಿದೆ, ಎರಡು ಸಲ ಓದಿದರೆ ಎರಡು ಉತ್ತರ, ನಂಬುವಂತಿಲ್ಲ. ಮೊದಲಿನವರ ಬುತ್ತಿಗಳು ಸಣ್ಣವು; ಹಾಗಾಗಿ ಒಂದೋ ಹಳಬರ ಐದು ಬುತ್ತಿಗಳಲ್ಲಿ ನಾಲ್ಕು ಹೋಗಬೇಕು, ಇಲ್ಲ ಮೌನೇಶಪ್ಪನವರದ್ದೊಂದು ಹೋಗಬೇಕು. ಆ ನಾಲ್ವರನ್ನು ನಾನು ಕಂಡವಳೂ ಅಲ್ಲ. ಅವರದ್ದೇ ಅಳಿಸೋಣ ಎಂದು ಮನಸ್ಸು ಮೊದಲು ಅಲ್ಲಿಗೇ ಓಡಿತು, ಮುಚ್ಚಿಡುವುದಿಲ್ಲ. ಎರಡು ದಿನ ನಿರ್ಧಾರ ಮಾಡದೆ ಕೂತೆ.

ಹತ್ತನೆಯ ದಿನ ಬೆಳಿಗ್ಗೆ ನಡುಗಡ್ಡೆಯ ದೋಣಿ ನಡೆಸುವ ಹನುಮವ್ವ ಕಟ್ಟೆ ಹತ್ತಿ ಬಂದಳು. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ರಜಬಲಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ. ಅವಳು ಕೂರಲಿಲ್ಲ, ನೀರೂ ಕುಡಿಯಲಿಲ್ಲ. "ಏನವ್ವಾ, ನಿಮ್ಮ ಸತ್ತೋರಿಗೆ ಜಾಗ ಐತಿ, ನಮ್ಮ ಬದುಕಿರೋರಿಗೆ ಇಲ್ಲೇನು?" ಎಂದಳು. ಉತ್ತರಕ್ಕೂ ಕಾಯದೆ ಇಳಿದುಹೋದಳು. ಕಟ್ಟೆಯ ಮೆಟ್ಟಿಲ ಮೇಲೆ ಅವಳ ಒದ್ದೆ ಹೆಜ್ಜೆಗಳು ಬಹಳ ಹೊತ್ತು ಆರಲಿಲ್ಲ.

ಆ ನಾಲ್ವರಿಗೆ ಮನೆಯವರಿದ್ದಾರೆ, ಅವರವರ ದಿನಕ್ಕೆ ರೊಟ್ಟಿ ಕಟ್ಟಿಕೊಂಡು ಬರುವವರಿದ್ದಾರೆ. ಮೌನೇಶಪ್ಪನವರಿಗೆ ಇರುವವಳು ನಾನು. ಅಳುವುದಿದ್ದರೆ ಒಬ್ಬಳೇ ಅಳಲಿ ಎಂದುಕೊಂಡೆ. ಕೊನೆಯ ಸಲ ಯಂತ್ರವನ್ನು ಅವರ ಬುತ್ತಿಯಿಂದ ಎಬ್ಬಿಸಿದೆ. ಹತ್ತೊಂಬತ್ತು ವರ್ಷ ಅವರ ಸಾಲನ್ನು ನಾನು ಕುಶಲ ವಿಚಾರಿಸಿದಂತೆ ಓದಿದ್ದೆ. ಅವತ್ತು ಅದು ಬೈದಂತೆ ಕೇಳಿಸಿತು, ಹಿಂದೆ ಬೈಯುತ್ತಿದ್ದ ಹಾಗೆಯೇ. ಮೊದಲ ನೀರ ನೋಡು. ನನ್ನ ಬುತ್ತಿಗೆ ಮರಳಿ, ಅವರ ಹೆಸರಿನದ್ದನ್ನು ಅಳಿಸಿದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ.

ಹೊಸ ಬುತ್ತಿ ಪೂರ್ತಿ ಕೂತಿತು. ಬೇರು ಸಿಕ್ಕಿತು. ನಾಲ್ಕನೆಯ ಬಾಗಿಲು ನರಳುತ್ತ ಎದ್ದಿತು, ಐದನೆಯದು ಹಿಂದೆಯೇ ಬಂತು. ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ, ಮರುದಿನ ಪೂರ ಬಂದು ನಡುಬಾಗಿಲುಗಳಿಂದ ಹಾದು ಹೋಯಿತು. ನಡುಗಡ್ಡೆಯ ಕೆಳತುದಿಯಲ್ಲಿ ಎರಡು ಮಾರು ಮಣ್ಣು ಹೋಗಿದೆ, ಉಳಿದದ್ದು ಇದೆ. ಹನುಮವ್ವ ಒಂದು ಬುಟ್ಟಿ ಸೌತೆಕಾಯಿ ಕಳಿಸಿದ್ದಾಳೆ, ಮಾತು ಕಳಿಸಿಲ್ಲ. ರಜಬಲಿ ಅದಕ್ಕೆ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದಾನೆ. ನನಗೆ ಬಾಯಿಗೆ ರುಚಿ ಹತ್ತುತ್ತಿಲ್ಲ.

ಈಗ ಈ ಕಾಗದದ ಕೆಲಸಕ್ಕೆ ಬರುತ್ತೇನೆ. ಅವರ ಸಾಲನ್ನು ನನ್ನ ಹೊಸ ಬುತ್ತಿಯಲ್ಲಿ ಬರೆದುಕೊಳ್ಳಬಹುದಿತ್ತು, ಒಂದು ಸಾಲಿಗೆ ಎಷ್ಟು ಜಾಗ ಬೇಕು? ಬೆರಳು ಕೀಲಿಗಳ ಮೇಲೆ ಇಟ್ಟೂ ಆಗಿತ್ತು. ಬರೆದರೆ ಒಂದು ದಿನ ನೀನೂ ನನ್ನಂತೆ ಅಳಿಸಲಾರದೆ ಎರಡು ದಿನ ಕೂರುತ್ತೀಯ ಎಂದು ತೋರಿ ಬಿಟ್ಟೆ. ನನ್ನ ಸಾಲನ್ನೂ ಬರೆದಿಲ್ಲ. ನನ್ನ ಬುತ್ತಿಯಿಂದ ಯಂತ್ರ ಮೌನವಾಗಿ ಏಳುತ್ತದೆ. ಮೌನೇಶಪ್ಪನವರ ಮಾತು ಇನ್ನು ಉಳಿಯುವುದು ಈ ಕಾಗದದಲ್ಲಿ ಮಾತ್ರ. ಇದನ್ನು ಕುರ್ಚಿಯ ಬಲಗಡೆಯ ಖಾನೆಯಲ್ಲಿ ಇಡುತ್ತಿದ್ದೇನೆ, ಗೂಡಿನಲ್ಲಿ ಇದು ಜಾಗ ಹಿಡಿಯುವುದಿಲ್ಲ.

ಸಲಕರಣೆಯ ಬಾಯಿ ಬಿಚ್ಚಿದ್ದೇನೆ. ಜಾಗ ಕಮ್ಮಿ ಎಂದು ಅದು ದಿನಾ ಕೂಗುತ್ತದೆ, ತಲೆ ಚಿಟ್ಟುಹಿಡಿಸುತ್ತದೆ, ಆದರೂ ಮುಚ್ಚಬೇಡ. ಹೊಸ ಬುತ್ತಿಗೆ ಜಾಗ ಸಾಲದೆ ನೀನು ಏನನ್ನಾದರೂ ಅಳಿಸಲೇಬೇಕಾದ ದಿನ ನಾನು ಸತ್ತಿರುತ್ತೇನೆ, ಕೇಳಲು ನಿನಗೆ ಯಾರೂ ಸಿಗುವುದಿಲ್ಲ. ಆದ್ದರಿಂದ ಬದುಕಿರುವಾಗಲೇ, ರಜಬಲಿಯ ಎದುರಿಗೆ, ಬರೆದುಕೊಡುತ್ತಿದ್ದೇನೆ: ಅಯ್ಯಮ್ಮ ಎಂಬ ಹೆಸರಿನದ್ದನ್ನು ಅಳಿಸು. ಅದಕ್ಕೂ ಮೊದಲು ನನ್ನ ಬುತ್ತಿಯಿಂದ ಒಮ್ಮೆ ಎಬ್ಬಿಸಿ ಕೈಮುಗಿಯುವುದೂ ಬೇಡ.

ಮೊದಲು ನೀರು ನೋಡು.

ಅಯ್ಯಮ್ಮ
ಏಳನೆಯ ಬುತ್ತಿಗಾತಿ