ಹಿಂದಿನ ಸೀಟಿನ ಚೀಲ

ಅಡುಗೆಮನೆಯ ಮೇಜಿನಿಂದ,
ಭಾನುವಾರ ಬೆಳಗ್ಗೆ, ಮಾರ್ಚ್ ೯

ಪ್ರೀತಿಯ ಗುಬ್ಬೀ,

ಸ್ಕೂಟರಿನ ಮೇಲೆ ಸಾಮಾನು ಸಾಗಿಸುವುದರಲ್ಲಿ ನಿನ್ನ ಚಿಕ್ಕಪ್ಪನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಒಮ್ಮೆ ಒಂದು ಬೀರು, ಬೀರುವಿನೊಳಗೆ ನೂರು ಮೊಟ್ಟೆ, ಬೀರುವಿನ ಮೇಲೆ ನಿನ್ನ ಚಿಕ್ಕಮ್ಮ, ಇಷ್ಟನ್ನೂ ಹೇರಿಕೊಂಡು ಒಂದೇ ಕೈಯಲ್ಲಿ ಗಾಡಿ ಓಡಿಸಿದವನು ನಾನು. ಒಂದು ಮೊಟ್ಟೆಗೂ ಬಿರುಕಿಲ್ಲ. ಆದ್ದರಿಂದ ಕೇಳಬೇಕಾದವರನ್ನೇ ಕೇಳಿದ್ದೀಯ. ನಿನ್ನ ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಚಿಕ್ಕಮ್ಮ ತೀರಿಕೊಂಡ ಮೇಲೆ ಎಲ್ಲರೂ ಹೇಗಿದ್ದೀರಿ ಎಂದು ಕೇಳುತ್ತಾರೆ. ಕಾಲು ಜೋಮು ಹಿಡಿಯುತ್ತದಲ್ಲ, ಹಾಗಿದೆ. ಕಾಲೊಂದೇ ಅಲ್ಲ, ಅಷ್ಟೇ.

ನಿನ್ನ ಪತ್ರದಲ್ಲಿ ಎರಡು ಮಾತುಗಳಿವೆ. ಹೊಸ ಸ್ಕೂಟರಿನಲ್ಲಿ ಅಂಗಡಿ ಸಾಮಾನು ತರುವುದು ಹೇಗೆ ಅನ್ನುವುದೊಂದು. ಚಿಕ್ಕಪ್ಪ ಐವತ್ತು ಸಾವಿರ ಕಳೆದುಕೊಂಡರಂತೆ, ಸ್ಕೂಟರ್ ಮಾರಿಯಾದರೂ ಕಳಿಸುತ್ತೇನೆ ಅನ್ನುವುದಿನ್ನೊಂದು. ಎರಡನೆಯದಕ್ಕೆ ಆಮೇಲೆ ಬರುತ್ತೇನೆ, ಅಲ್ಲಿಯ ತನಕ ಗಿರಾಕಿ ಹುಡುಕಬೇಡ. ಆಸ್ಪತ್ರೆಯ ಪಾಳಿ ಮುಗಿಸಿ ಬಸ್ಸಿಗೆ ಕಾದು ಕಾದು ಸಾಕಾಗಿ ಕೊಂಡ ಗಾಡಿ ಅದು.

ಈಗ ಪಾಠ. ಭಾರದ್ದು ಯಾವಾಗಲೂ ಕೆಳಗೆ, ಕಾಲಿಡುವ ಜಾಗದಲ್ಲಿ. ಅಕ್ಕಿ ಚೀಲವನ್ನು ಮಲಗಿಸಬೇಕು. ನಿಲ್ಲಿಸಿದರೆ ತಿರುವಿನಲ್ಲಿ ಕುಡುಕನ ಹಾಗೆ ನಿನ್ನ ಮೇಲೇ ವಾಲುತ್ತದೆ. ಹ್ಯಾಂಡಲಿಗೆ ಏನನ್ನೂ ನೇತುಹಾಕಬೇಡ, ಅದೊಂದು ಕಡೆ ಎಳೆದರೆ ನೀನೊಂದು ಕಡೆ ಎಳೆಯುತ್ತೀಯ. ಮುಂದಿನ ಕೊಕ್ಕೆಗೆ ಸೊಪ್ಪಿನಂಥ ಹಗುರದ್ದು ಸಾಕು. ಸಾಮಾನಿದ್ದ ದಿನ ಬ್ರೇಕು ಮೊದಲೇ ಹಿಡಿ, ಮೆಲ್ಲಗೆ ಹಿಡಿ. ಹಿಂದಿನ ಸೀಟಿನ ಮೇಲಿಟ್ಟದ್ದನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದು, ಕೈಯಿಂದ ಅಲ್ಲಾಡಿಸಿ ನೋಡು.

ಆ ಪಟ್ಟಿಯನ್ನು ನಾನಂತೂ ಯಾವತ್ತೂ ಬಳಸಿದವನಲ್ಲ. ಚೀಲ ನಮ್ಮಿಬ್ಬರ ನಡುವೆ, ಅದನ್ನು ಅವುಚಿ ಹಿಡಿಯುವುದು ಚಿಕ್ಕಮ್ಮನ ಕೆಲಸ. ದಾರಿಯುದ್ದಕ್ಕೂ ‘ರೀ, ನಿಮ್ಮ ಬಾಯಿಗಿರೋ ಸ್ಪೀಡು ಗಾಡಿಗೆ ಬೇಡ’ ಅನ್ನುತ್ತಿದ್ದಳು. ಹೊರಡುವ ಮುಂಚೆ ನಾನು ‘ಹಿಡ್ಕೊಂಡ್ಯಾ?’ ಅನ್ನಬೇಕು, ಅವಳು ನನ್ನ ಬೆನ್ನಿಗೊಂದು ತಟ್ಟಬೇಕು. ಆಮೇಲೆಯೇ ಗಾಡಿ ಕದಲುವುದು.

ಹೋದ ಬುಧವಾರ ತರಕಾರಿ ಕೊಂಡು ಚೀಲವನ್ನು ಹಿಂದಿನ ಸೀಟಿನ ಮೇಲಿಟ್ಟೆ. ಅಂಗಡಿಯವನು ‘ಕಟ್ಟಿಕೊಡ್ಲಾ ಯಜಮಾನ್ರೇ?’ ಅಂದ. ‘ನನಗೇ ಹೇಳ್ಕೊಡ್ತೀಯೇನಯ್ಯಾ?’ ಅಂದೆ. ಹತ್ತಿ ಕೂತೆ. ‘ಹಿಡ್ಕೊಂಡ್ಯಾ?’ ಅಂದೆ. ಹೊರಟೆ. ಹಿಂದಿನ ಸೀಟಿನಲ್ಲಿ ಚೀಲವಿಲ್ಲ, ಹೊರಡುವಾಗ ಬೆನ್ನಿಗೆ ತಟ್ಟೂ ಬಿದ್ದಿರಲಿಲ್ಲ ಅನ್ನುವುದು ಮನೆ ಮುಂದೆ ನಿಲ್ಲಿಸಿದಾಗ ಗೊತ್ತಾಯಿತು. ಅಳು ಬರಲಿಲ್ಲ. ಕೀಲಿ ತೆಗೆದೆ, ಮತ್ತೆ ಹಾಕಿದೆ, ಬಂದ ದಾರಿಯಲ್ಲೇ ವಾಪಸ್ಸು ಹೋದೆ.

ದಾರಿಯಲ್ಲಿ ನನ್ನ ಬದನೆಕಾಯಿಗಳು ಲಾರಿ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿಯಾಗಿದ್ದವು. ಚೀಲ ಇರಲಿಲ್ಲ. ನಿಂತಿದ್ದ ಕಾರುಗಳ ಅಡಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಪಂಕ್ಚರ್ ಅಂಗಡಿಯವನು ‘ಚೀಲದಲ್ಲಿ ಎಷ್ಟಿತ್ತು?’ ಅಂದ. ‘ಐವತ್ತು ಸಾವಿರ’ ಅಂದೆ. ಬೀದಿಗೆ ಬೀದಿಯೇ ಎದ್ದು ಬಂತು. ಕ್ಷೌರದವನು ಅರ್ಧ ಗಡ್ಡದಲ್ಲೇ ಗಿರಾಕಿಯನ್ನು ಬಿಟ್ಟು ಬಂದ, ಸೋಪಿನ ಮುಖ ಹೊತ್ತು ಗಿರಾಕಿಯೂ ಬಂದ. ‘ಐವತ್ತು ಸಾವಿರ ಇಟ್ಕೊಂಡು ಬದನೆಕಾಯಿಗೆ ಚೌಕಾಸಿ ಮಾಡ್ತೀರಲ್ರೀ!’ ಎಂದು ಬೈಯುತ್ತಲೇ ಮೋರಿಗಿಳಿದು ಕೋಲಾಡಿಸಿದರು. ಸಂಜೆಯ ತನಕ ಹುಡುಕಿದರು. ಸಿಗಲಿಲ್ಲ. ಅವರಲ್ಲೇ ಯಾರೋ ನಿನಗೆ ಫೋನು ಮಾಡಿದ್ದಾರೆ.

ನೀನು ತಣ್ಣಗಿರು ಮಗಳೇ, ಹೋದ ದಾರಿಯೆಲ್ಲ ಸಲೀಸಾಗಲಿ. ಟೈರಿನ ಗಾಳಿ ನೋಡಿಕೊಳ್ಳುತ್ತಿರು.

ಭೂಮಂಡಲದ ಸ್ಕೂಟರ್ ಸರದಾರ,
ನಿನ್ನ ಚಿಕ್ಕಪ್ಪ

ಮರೆತಿದ್ದೆ: ಗಾಡಿ ಮಾರಬೇಡ. ಆ ಚೀಲ ನನ್ನ ಹಳೆಯ ನೀಲಿ ಪ್ಯಾಂಟಿನಲ್ಲಿ ಚಿಕ್ಕಮ್ಮ ಹೊಲಿದದ್ದು. ಚಿಲ್ಲರೆಗೆ ಬೇಕಾಗುತ್ತದೆ ಎಂದು ಪ್ಯಾಂಟಿನ ಜೇಬನ್ನು ಹಾಗೇ ಉಳಿಸಿದ್ದಳು. ಬರೀ ಚೀಲ ಅಂದಿದ್ದರೆ ಯಾರೂ ಮೋರಿಗೆ ಇಳಿಯುತ್ತಿರಲಿಲ್ಲ. ಜೇಬಿನಲ್ಲಿದ್ದದ್ದು ನೂರಾ ನಲವತ್ತು ರೂಪಾಯಿ.