ಒಂಬತ್ತನೇ ಮಾಳಿಗೆಯ ಕಿಟಕಿ

24 ಸೆಪ್ಟೆಂಬರ್ 1995, ಭಾನುವಾರ, ಮಧ್ಯಾಹ್ನ

ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ತಪ್ಪುತ್ತದೆ. ಒತ್ತು ಎಲ್ಲಿ ಕೊಡಬೇಕೆಂದು ಈಗಲೂ ಗೊಂದಲ. ಇದು ಯಾರಾದರೂ ಓದುವ ಪುಸ್ತಕ ಅಲ್ಲ. ಆದರೂ ಕ್ಷಮಿಸಬೇಕು ಎಂದು ಬರೆದುಕೊಂಡರೆ ಒಂದು ಸಮಾಧಾನ. ಐದನೇ ಕ್ಲಾಸು ಮುಗಿಸಿ ಬೀಡಿ ಕಟ್ಟಲು ಕೂತವಳು. ಮನೆಯಲ್ಲಿ ತುಳು ಮಾತಾಡುತ್ತೇವೆ. ಬರೆಯಲು ಬರುವುದು ಕನ್ನಡ ಮಾತ್ರ.

ಇವತ್ತು ಮೂರು ಕೋಲು ಬಟ್ಟೆ. ಅಡುಗೆಮನೆ ಕಿಟಕಿ ಪೂರ್ತಿ ತೆರೆಯಬೇಕು. ಒದ್ದೆ ಬಟ್ಟೆ ಪೋಣಿಸಿದ ಬಿದಿರು ಕೋಲನ್ನು ಹೊರಗೆ ಚಾಚಿ ಗೋಡೆಯ ಕೊಳವೆಗೆ ಸಿಕ್ಕಿಸಬೇಕು. ಈ ಪರದೇಶದ ಟ್ಯಾಂಪಿನೀಸಿನಲ್ಲಿ ಎಲ್ಲರೂ ಹೀಗೇ ಒಣಗಿಸುವುದು. ಆದರೆ ನಮ್ಮ ಕಿಟಕಿಗೆ ಕಂಬಿ ಇಲ್ಲ. ಬಗ್ಗಿದರೆ ಒಂಬತ್ತು ಮಾಳಿಗೆ ಕೆಳಗೆ ಕಾರ್ ಪಾರ್ಕ್. ತೃಷಾಳಿಗೆ ಎರಡು ತುಂಬಿತು. ಸ್ಟೂಲು, ಅಕ್ಕಿ ಡಬ್ಬ, ಏನು ಸಿಕ್ಕಿದರೂ ಹತ್ತುತ್ತಾಳೆ. ಕೋಲು ಹಾಕುವಾಗ ಅವಳ ಸೊಂಟಕ್ಕೆ ದುಪಟ್ಟಾ ಕಟ್ಟಿ, ಇನ್ನೊಂದು ತುದಿ ಮೇಜಿನ ಕಾಲಿಗೆ. ಮಗಳನ್ನು ಕರುವಿನ ಹಾಗೆ ಕಟ್ಟಿ ಹಾಕುತ್ತೇನೆ ಎಂದು ಊರಿಗೆ ಬರೆದಿಲ್ಲ.

ಅಗ್ರಿಮೆಂಟ್ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಇನ್ನೆರಡು ವರ್ಷಕ್ಕೆ ರಿನ್ಯೂ ಮಾಡಬೇಕು. ನನ್ನ ಗಂಡ ದೀಪೇಶ್ (ಪುಸ್ತಕದಲ್ಲಾದರೂ ಹೆಸರು ಬರೆಯುತ್ತೇನೆ) ಓನರ್ ಹತ್ತಿರ ಮೂರು ಕೇಳುತ್ತಾರಂತೆ. ಕಿಟಕಿಗೆ ಗ್ರಿಲ್. ಬಾತ್‌ರೂಮಿನ ಸೋರುವ ಸೀಲಿಂಗ್ ರಿಪೇರಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್. ನನಗೆ ಮೊದಲನೆಯದು ಒಂದೇ ಸಾಕು.

26 ಸೆಪ್ಟೆಂಬರ್, ಮಂಗಳವಾರ, ಸಂಜೆ

ದೀಪೇಶ್ ಆಂಗ್ ಮೋ ಕಿಯೋದ ಫ್ಯಾಕ್ಟರಿಯಿಂದ ಬಂದವರು ಶೂ ಬಿಚ್ಚದೆ ಫೋನ್ ಹಿಡಿದರು. ಓನರ್ ದ್ವಾರಕನಾಥ ಅಂಕಲ್ ಮೈಸೂರಿನವರು. ಬ್ಯಾಂಕಿನಲ್ಲಿ ದೊಡ್ಡ ಕೆಲಸ. ಮೊದಲು ಈ ಮನೆಯಲ್ಲೇ ಇದ್ದರು, ಈಗ ಬ್ಯೂನಾ ವಿಸ್ಟಾದಲ್ಲಿ ಕಾಂಡೋ ಅನ್ನುವ ದೊಡ್ಡ ಫ್ಲಾಟು. ಇಲ್ಲಿ ಒಂದು ರೂಮಿಗೆ ಬೀಗ ಹಾಕಿ ತಮ್ಮ ಸಾಮಾನು ಇಟ್ಟುಕೊಂಡಿದ್ದಾರೆ. ಅದೇ ನೆಪ. ಬೇಕೆನಿಸಿದಾಗ ತಮ್ಮ ಕೀಲಿ ತಿರುಗಿಸಿ ಒಳಗೆ ಬರುತ್ತಾರೆ. ಬೆಲ್ ಒತ್ತಿದ್ದು ನಾನು ಕಂಡಿಲ್ಲ.

ಅವರ ದನಿ ಫೋನಿನಿಂದ ಹಾಲ್ ತುಂಬ ಕೇಳಿಸುತ್ತಿತ್ತು.

"ನೋಡಿ ದೀಪೇಶ್, ಹತ್ತು ವರ್ಷ ಅಲ್ಲೇ ಇದ್ವಿ. ಎರಡು ಮಕ್ಕಳನ್ನ ಅಲ್ಲೇ ಬೆಳೆಸಿದ್ವಿ. ಯಾರಾದ್ರೂ ಬಿದ್ರಾ? ಮನೇಲಿ ಹೆಂಗಸಿದ್ದಾರಲ್ಲ, ಸ್ವಲ್ಪ ನೋಡ್ಕೊಳ್ಳೋಕೆ ಹೇಳಿ."

ಎಕ್ಸಾಸ್ಟ್ ಫ್ಯಾನ್ ಎಂದಾಗ ನಕ್ಕರು. ಮೀನು ಬಿಟ್ಟರೆ ಫ್ಯಾನ್ ಬೇಕಾಗುವುದಿಲ್ಲ ಎಂದರು. ದೀಪೇಶ್ ಏನೋ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಫೋನ್ ಇಟ್ಟರು.

ಆಮೇಲೆ ಸಿಟ್ಟು ನನ್ನ ಮೇಲೆ. ಎರಡು ವರ್ಷದಲ್ಲಿ ಅವರ ಹೆಂಡತಿ ಎಷ್ಟು ಸಲ ಬಂದಿಲ್ಲ, ಒಂದು ದಿನ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಎಂದರು. ಸತ್ಯವತಿ ಆಂಟಿ ಎದುರು ಬಾಯಿ ಬಿಡುವುದು ಹೇಗೆ? ನಾನು ಶಾಲೆಯಲ್ಲಿ ಕಲಿತ ಹಾಗೆ ಮಾತಾಡುವವಳು. 'ಪುಸ್ತಕ ಓದೋ ಥರ ಮಾತಾಡ್ತಾಳೆ ನೋಡ್ರೀ' ಎಂದು ಗಂಡನಿಗೆ ಹೇಳಿ ನಕ್ಕದ್ದನ್ನು ಕೇಳಿಸಿಕೊಂಡಿದ್ದೇನೆ. ಅಂದಿನಿಂದ ಹೂಂ, ಊಹೂಂ ಅಷ್ಟೆ.

1 ಅಕ್ಟೋಬರ್, ಭಾನುವಾರ, ಸಂಜೆ ಐದು

ಬಂದಿದ್ದರು. ಅಂಕಲ್, ಆಂಟಿ ಇಬ್ಬರೂ. ದೀಪೇಶ್ ಓವರ್‌ಟೈಮಿಗೆ ಹೋಗಿದ್ದರು. ಇವತ್ತು ಇರುವುದಿಲ್ಲ ಎಂದು ಅಂಕಲಿಗೆ ಫೋನಿನಲ್ಲೇ ಹೇಳಿದ್ದರಂತೆ. ಆದರೂ ಬಂದರು. ಅಥವಾ ಅದಕ್ಕೇ ಬಂದರೋ.

ಬೀಗ ತಿರುಗಿದ ಸದ್ದಿಗೆ ನೈಟಿ ಮೇಲೆ ಶಾಲು ಹೊದ್ದುಕೊಂಡು ಓಡಿದೆ. ಆಂಟಿ ನೇರ ಅಡುಗೆಮನೆಗೆ. ಬಾಣಲೆ ಎತ್ತಿ ಮೂಸಿದರು. ನವರಾತ್ರಿಯಲ್ಲಾದರೂ ಬಿಟ್ಟಿದ್ದೀಯಾ ಎಂದರು. ಹೂಂ ಎಂದೆ. ಅಂಕಲ್ ಕಿಟಕಿ ತೆಗೆದು ಮುಚ್ಚಿ ನೋಡಿದರು. ಹಿಂಜು ಚೆನ್ನಾಗಿದೆ, ಗಾಜು ಚೆನ್ನಾಗಿದೆ, ಮನೆಗೆ ಏನೂ ಆಗಿಲ್ಲ, ಹೀಗೇ ಇರಲಿ ಎಂದರು. ನಾನು ಕೋಲಿನ ಹತ್ತಿರ ನಿಂತಿದ್ದೆ. ಗ್ರಿಲ್ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಹೊರಡಲಿಲ್ಲ.

ಕಾಫಿ ಕುಡಿದರು. ಹೊರಡುವಾಗ ತಾಂಬೂಲ ಕೊಟ್ಟೆ. ಸಿರಂಗೂನ್ ರೋಡಿನಿಂದ ತಂದ ಎಲೆ ಇತ್ತು. ಅಡಿಕೆ, ಎರಡು ಬಾಳೆಹಣ್ಣು, ಒಂದು ಬ್ಲೌಸ್ ಪೀಸು. ಅರಿಶಿನ ಕುಂಕುಮ ಹಚ್ಚಿ ಕಾಲಿಗೆ ಬಿದ್ದೆ. ಇದು ಆಂಟಿಯೇ ಕಲಿಸಿದ್ದು. ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ ಬರೀ ಕಾಫಿ ಕೊಟ್ಟು ಕಳಿಸಿದ್ದೆ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುತ್ತಾರಾ, ನಿಮ್ಮ ಕಡೆ ಏನೂ ಹೇಳಿಕೊಡುವುದಿಲ್ಲವಾ ಎಂದು ಲಿಫ್ಟಿನ ಎದುರು, ಪಕ್ಕದ ಮನೆಯವರು ನೋಡುತ್ತಿರುವಾಗ ಕೇಳಿದ್ದರು. ಆ ದಿನದ ಉರಿ ಇನ್ನೂ ಆರಿಲ್ಲ. ಹಾಗಾಗಿ ನವರಾತ್ರಿಗೆ ಎಲ್ಲ ತಂದಿಟ್ಟಿದ್ದೆ.

ಆಂಟಿ ಸೆರಗಿನಲ್ಲಿ ತೆಗೆದುಕೊಂಡರು. ಅಂಕಲ್ 'ಶುಭವಾಯ್ತು' ಎಂದರು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮೆಚ್ಚಿಕೊಂಡರು ಎಂದುಕೊಂಡೆ.

3 ಅಕ್ಟೋಬರ್, ಮಂಗಳವಾರ

ಮೆಚ್ಚಿಕೊಂಡದ್ದಲ್ಲ.

ದೀಪೇಶ್ ಗ್ರಿಲ್ ವಿಷಯಕ್ಕೆ ಇನ್ನೊಮ್ಮೆ ಫೋನ್ ಮಾಡಿದರೆ ಅಂಕಲ್ ಆ ಮಾತು ಮುಗಿದುಹೋಗಿದೆ ಎಂದರಂತೆ. "ನಿಮ್ಮ ಮನೆಯವರು ತಾಂಬೂಲ ಕೊಟ್ಟು ಒಪ್ಪಿಕೊಂಡ್ರಲ್ಲ. ಮನೆ ಇದ್ದ ಹಾಗೇ ಇರಲಿ ಅಂತ ನಾನಂದೆ, ಅವರು ತಾಂಬೂಲ ಕೊಟ್ಟರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಸೈನ್ ಇಲ್ಲಪ್ಪ. ನವರಾತ್ರಿ ಬೇರೆ."

ದೀಪೇಶ್ ಫೋನಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ನಿನಗೆ ಬಾಯಿಲ್ಲ ಅಂತ ಗೊತ್ತಿತ್ತು. ಕೈ ಇದೆ ಅಂತ ಗೊತ್ತಿರಲಿಲ್ಲ."

ನಮ್ಮ ಮದುವೆಯೂ ಹಾಗೇ ನಿಶ್ಚಯವಾದದ್ದು. ಎಲೆ ಅಡಿಕೆ ಬದಲಾಯಿಸಿದ ಮೇಲೆ ಮಾತು ತೆಗೆಯುವ ಹಾಗಿಲ್ಲ ಎಂದು ನನಗೂ ಗೊತ್ತು. ಆದರೆ ಅದು ಗಂಡಸರು ಚಾಪೆಯ ಮೇಲೆ ಕೂತು, ನಾಲ್ಕು ಜನರ ಎದುರು ಬದಲಾಯಿಸುವುದು. ನಾನು ಕೊಟ್ಟದ್ದು ಮನೆಗೆ ಬಂದ ಹೆಂಗಸಿಗೆ. ಎರಡೂ ಒಂದೇ ಅಲ್ಲ ಎಂದು ಆಂಟಿಗೆ ಗೊತ್ತಿಲ್ಲವೇ? ಗೊತ್ತಿದೆ. ಅದಕ್ಕೇ ಮುಖ ಮುಖ ನೋಡಿಕೊಂಡದ್ದು.

ಇದನ್ನೆಲ್ಲ ದೀಪೇಶರಿಗೆ ಹೇಳಲಿಲ್ಲ. ಊಟ ಬಡಿಸಿದೆ. ಅವರು ತಿನ್ನಲಿಲ್ಲ.

9 ಅಕ್ಟೋಬರ್, ಸೋಮವಾರ

ಮನೆಯಲ್ಲಿ ಮಾತಿಲ್ಲ. ತೃಷಾಳ ಮೂಲಕ ಮಾತು. 'ಅಮ್ಮನಿಗೆ ಹೇಳು ಶರ್ಟ್ ಇಸ್ತ್ರಿ ಆಗಿಲ್ಲ ಅಂತ.' ಮಗು ಇಬ್ಬರನ್ನೂ ನೋಡಿ ಇಲ್ಲಿಯವರ ಹಾಗೆ 'ಇಲ್ಲ ಲಾ' ಅನ್ನುತ್ತದೆ.

ಬುಧವಾರ ಸಂಜೆ ದೀಪೇಶ್ ಬೇರೆ ಮನೆ ನೋಡಿ ಬಂದರು. ಎರಡರಲ್ಲಿ ಒಂದನ್ನು ಇಂಡಿಯನ್ಸಿಗೆ ಕೊಡುವುದಿಲ್ಲವಂತೆ. ಇನ್ನೊಂದು ಕೈಗೆಟುಕುವುದಿಲ್ಲ. ಬಂದು ಸೋಫಾದ ಮೇಲೆ ಬಿದ್ದುಕೊಂಡು ಸೀಲಿಂಗಿಗೆ ಹೇಳಿದರು, ಸೈನ್ ಮಾಡುತ್ತೇನೆ, ಕಿಟಕಿ ಮುಚ್ಚಿಡು, ಬಟ್ಟೆ ಹಾಲ್ ಒಳಗೇ ಒಣಗಿಸು.

ಒಣಗುವುದಿಲ್ಲ. ಮೂರು ದಿನಕ್ಕೆ ಕಮಟು ವಾಸನೆ. ಅವರ ಯೂನಿಫಾರ್ಮ್ ಮುಟ್ಟಿ ನೋಡಿದರೆ ಇನ್ನೂ ತಣ್ಣಗೆ. ಫ್ಯಾಕ್ಟರಿಯಲ್ಲಿ ಯಾರೋ ಮೂಗು ಮುಚ್ಚಿಕೊಂಡರಂತೆ. ಅದೂ ನನ್ನ ತಪ್ಪು. ಮತ್ತೆ ಕಿಟಕಿ ತೆರೆದೆ.

12 ಅಕ್ಟೋಬರ್, ಗುರುವಾರ

ಕೋಲು ಹಾಕುತ್ತಿದ್ದೆ. ಒಲೆ ಮೇಲೆ ಹಾಲು ಉಕ್ಕಿತು. ಗ್ಯಾಸ್ ಆರಿಸಲು ತಿರುಗಿದೆ. ಅಷ್ಟೆ. ದುಪಟ್ಟಾದ ಗಂಟು ಯಾವಾಗ ಬಿಚ್ಚಿತೋ. ನೋಡಿದರೆ ಸ್ಟೂಲಿನ ಮೇಲಿಂದ ಒಂದು ಮೊಣಕಾಲು ಕಿಟಕಿಯ ಅಂಚಿಗೆ. ಕೈ ಕೋಲಿನ ಮೇಲೆ.

ಫ್ರಾಕಿನ ಬೆನ್ನು ಸಿಕ್ಕಿತು. ಹೊಲಿಗೆ ಹರಿಯಿತು.

ನಗುತ್ತಿದ್ದಳು.

ದೀಪೇಶರಿಗೆ ಹೇಳಿಲ್ಲ. ಇವತ್ತು ಇಷ್ಟೇ.

15 ಅಕ್ಟೋಬರ್, ಭಾನುವಾರ

ಸೈನ್ ಮಾಡಲು ಬ್ಯೂನಾ ವಿಸ್ಟಾಕ್ಕೆ ಕರೆದಿದ್ದರು. ದೀಪೇಶ್ ಒಬ್ಬರೇ ಹೊರಟಿದ್ದರು. ನಾನೂ ಬರುತ್ತೇನೆ ಎಂದೆ. ಯಾಕೆ, ಇನ್ನೊಂದು ತಾಂಬೂಲ ಕೊಡಲಿಕ್ಕಾ ಎಂದರು. ತೃಷಾಳನ್ನು ಎತ್ತಿಕೊಂಡು ಹಿಂದೆಯೇ ಲಿಫ್ಟ್ ಹತ್ತಿದೆ.

ಅವರ ಕಾಂಡೋ ಹನ್ನೆರಡನೇ ಮಾಳಿಗೆ. ಮೇಜಿನ ಮೇಲೆ ಅಗ್ರಿಮೆಂಟ್, ಪೆನ್ನು. ಅಂಕಲ್ ಓದುತ್ತಾ ಹೋದರು, ದೀಪೇಶ್ ತಲೆ ಆಡಿಸುತ್ತಾ ಹೋದರು. ತೃಷಾ ಬಾಲ್ಕನಿಗೆ ಓಡಿದಳು. ಜೀವ ಹೋದ ಹಾಗಾಗಿ ಹಿಂದೆ ಓಡಿದೆ.

ಬಾಲ್ಕನಿಗೆ ಗ್ರಿಲ್ ಇತ್ತು. ಕೆಳಗಿನಿಂದ ಮೇಲಿನ ತನಕ, ಬಿಳಿ ಬಣ್ಣದ್ದು. ಒಳಗೆ ತುಳಸಿ ಕುಂಡ ಒಂದೇ. ಅವರ ಮಕ್ಕಳು ಕಾಲೇಜಿಗೆ ಹೋಗುವವರು.

ಆಂಟಿ ಹಿಂದೆ ಬಂದು ನಿಂತಿದ್ದರು. ಗಾಳಿ ಜಾಸ್ತಿ, ಕುಂಡ ಬಿದ್ದರೆ ಅಪಚಾರ, ಅದಕ್ಕೇ ಹಾಕಿಸಿದ್ದು ಎಂದು ಅವರೇ ಹೇಳಿದರು. ನಾನು ಕೇಳಿರಲಿಲ್ಲ.

ಒಳಗೆ ಬಂದೆ. ದೀಪೇಶ್ ಕೈಯಲ್ಲಿ ಪೆನ್ನಿತ್ತು. ಅದು ಹೇಗೆ ಬಂತೋ ಗೊತ್ತಿಲ್ಲ, ಆದರೆ ನನ್ನ ದನಿಯೇ.

"ನಿಮ್ಮ ತುಳಸಿಗೆ ಗ್ರಿಲ್ ಇದೆ ಆಂಟಿ. ನನ್ನ ಮಗುವಿಗೆ ಇಲ್ಲ."

ಅಂಕಲ್ ಕನ್ನಡಕ ತೆಗೆದರು. ಕೊಟ್ಟ ಮಾತು ಆಗಲೇ ಆಗಿದೆಯಲ್ಲಮ್ಮ ಎಂದರು.

"ತಾಂಬೂಲ ನಾನು ಆಂಟಿಗೆ ಕೊಟ್ಟದ್ದು ಅಂಕಲ್. ಕಿಟಕಿಗೆ ಕೊಟ್ಟದ್ದಲ್ಲ. ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಅವರೇ ಕಲಿಸಿದ್ದಾರೆ. ಅವರನ್ನೇ ಕೇಳಿ. ತಾಯಿ ಮೇಲೆ ಆಣೆ ಇಟ್ಟು ಹೇಳಲಿ, ಅದು ಮನೆಯ ಮಾತಿಗೆ ಕೊಟ್ಟದ್ದು ಎಂದು."

ಪುಸ್ತಕ ಓದುವ ಹಾಗೇ ಮಾತಾಡಿದೆ. ಈ ಸಲ ಯಾರೂ ನಗಲಿಲ್ಲ.

ಆಂಟಿ ಆಣೆ ಇಡಲಿಲ್ಲ. ಸೆರಗು ಸರಿಮಾಡಿಕೊಂಡರು. ಆಮೇಲೆ ಬೇರೆ ದಾರಿ ಹಿಡಿದರು. "ಆಯ್ತು, ಹಾಕಿಸ್ಕೊಳ್ಲಿ ಬಿಡ್ರೀ. ಅವರ ಖರ್ಚಲ್ಲಿ. ಬಿಟ್ಟು ಹೋಗೋವಾಗ ಕಿತ್ತು ಗೋಡೆ ಸರಿ ಮಾಡ್ಕೊಡ್ಲಿ. ಆದ್ರೆ ಒಂದು. ನಾನು ಗೌರಿ ಕೂರಿಸಿದ ಮನೆ ಅದು. ಇನ್ನು ಎರಡು ವರ್ಷ ಆ ಅಡುಗೆಮನೇಲಿ ಮೀನು ಕೂಡದು. ಅಗ್ರಿಮೆಂಟಲ್ಲೇ ಬರೀರಿ."

ದೀಪೇಶ್ ಪೆನ್ನು ಎಸೆದು ಎದ್ದರು. ನಾವು ಏನು ತಿನ್ನಬೇಕೆಂದು ನೀವು ಹೇಳುತ್ತೀರಾ, ಬಾ ಹೋಗೋಣ ಎಂದು ತುಳುವಿನಲ್ಲೂ ಕನ್ನಡದಲ್ಲೂ ಹೇಳಿದರು.

"ಬರೆಯಿರಿ," ಎಂದೆ. ಅಂಕಲಿಗೆ.

ಬಾತ್‌ರೂಮ್ ಇಲ್ಲ. ಫ್ಯಾನ್ ಇಲ್ಲ. ಗ್ರಿಲ್ ಉಂಟು. ಮೀನಿನ ಸಾಲನ್ನು ಅಂಕಲ್ ಕೈಯಲ್ಲೇ ಸೇರಿಸಿದರು. ದೀಪೇಶ್ ಎರಡು ನಿಮಿಷ ನಿಂತೇ ಇದ್ದರು. ಆಮೇಲೆ ಕೂರದೆ, ಬಗ್ಗಿ ಸೈನ್ ಮಾಡಿದರು. ಕಾಫಿ ಯಾರೂ ಮುಟ್ಟಲಿಲ್ಲ. ಆಂಟಿ ಕುಂಕುಮದ ಬಟ್ಟಲು ತಂದರು. ಮಗು ಮಲಗಿದೆ, ಕೈ ಬಿಡುವಿಲ್ಲ ಎಂದೆ. ಮಗು ಮಲಗಿರಲಿಲ್ಲ.

ಎಂ.ಆರ್.ಟಿ. ರೈಲಿನಲ್ಲಿ ದೀಪೇಶ್ ಎದುರಿನ ಸೀಟಿನಲ್ಲಿ ಕೂತರು. ಸಿಟಿ ಹಾಲ್ ದಾಟಿದ ಮೇಲೆ ಎದ್ದು ಪಕ್ಕಕ್ಕೆ ಬಂದರು. ಜಗಳಕ್ಕೇ ಬಂದದ್ದು.

"ನನ್ನನ್ನು ಕೇಳದೆ ಮಾತು ಕೊಟ್ಟೆ. ಇದು ಎರಡನೇ ಸಲ."

"ಈ ಸಲ ಬಾಯಿಯಿಂದಲೇ ಕೊಟ್ಟೆ."

"ನಾನು ಹಾಕರ್ ಸೆಂಟರಿನಲ್ಲಿ ಮೀನು ತಿಂದು ಬರುತ್ತೇನೆ. ನೀನು ಬೇಳೆ ಕಲಸಿಕೊಂಡು ಕೂತಿರು ಎರಡು ವರ್ಷ."

"ಕೂತಿರುತ್ತೇನೆ."

ಆಗ ಗುರುವಾರದ್ದು ಹೇಳಿದೆ. ಸ್ಟೂಲು, ಮೊಣಕಾಲು, ಫ್ರಾಕು. ಮೊದಲೇ ಯಾಕೆ ಹೇಳಲಿಲ್ಲ ಎಂದರು. ಹೇಳಿದ್ದರೆ ನೀವು ಕಿಟಕಿಯನ್ನು ಬಿಟ್ಟು ನನ್ನನ್ನು ಬೈಯುತ್ತಿದ್ದಿರಿ ಎಂದೆ. ಟ್ಯಾಂಪಿನೀಸಿನಲ್ಲಿ ಇಳಿಯುವಾಗ ತೃಷಾಳನ್ನು ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ಎತ್ತಿಕೊಂಡರು.

28 ಅಕ್ಟೋಬರ್, ಶನಿವಾರ

ಗ್ರಿಲ್ ಅಂಗಡಿಯ ಚೀನಾದ ಅಂಕಲ್ ಬಂದು ಹಾಕಿ ಹೋದರು. ಕೋಲು ಚಾಚಲು ನಡುವೆ ಸಣ್ಣ ಬಾಗಿಲು, ಅದಕ್ಕೆ ಬೀಗ. ಕೀಲಿ ನನ್ನ ಕರಿಮಣಿಯಲ್ಲಿ. ಬೇಬಿ ಇಟ್ಟುಕೊಂಡು ಇಷ್ಟು ದಿನ ಹೇಗಿದ್ದೆ ಎಂದು ಅವರು ಕೇಳಿದ್ದು ಕೈಸನ್ನೆಯಲ್ಲೇ ಗೊತ್ತಾಯಿತು. ದೀಪೇಶ್ ಎರಡೂ ಕೈಯಿಂದ ಕಂಬಿ ಹಿಡಿದು ಜಗ್ಗಿ ನೋಡಿದರು. ಇನ್ನೂ ಜೋರಾಗಿ ಜಗ್ಗಿದರು.

29 ಅಕ್ಟೋಬರ್, ಭಾನುವಾರ

ಆಂಟಿ ಬಂದಿದ್ದರು. ಕೀಲಿ ಹಾಕಿಕೊಂಡೇ. ಬಾಣಲೆ ಮೂಸಿದರು, ಫ್ರಿಜ್ ತೆಗೆದು ನೋಡಿದರು. ಗ್ರಿಲ್ಲಿನ ಬಣ್ಣ ಮನೆಗೆ ಒಪ್ಪುವುದಿಲ್ಲ ಎಂದರು. ನಿಂತೇ ಹೋದರು. ನಾನು ಕೂರಿ ಎನ್ನಲಿಲ್ಲ. ಬರಿಗೈಯಲ್ಲೇ ಹೋದರು.

30 ಅಕ್ಟೋಬರ್, ಸೋಮವಾರ, ಬೆಳಿಗ್ಗೆ ಹತ್ತೂವರೆ

ದೀಪೇಶ್ ಕೆಲಸಕ್ಕೆ ಹೋದ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಂಡೆ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿದೆ. ಚಿಲಕವನ್ನೂ. ಈ ಮಗು ನಡೆಯಲು ಕಲಿತ ಮೇಲೆ, ಅದು ಎಚ್ಚರ ಇರುವಾಗ ಬಾಗಿಲು ಹಾಕಿ ಮಿಂದದ್ದಿಲ್ಲ. ಸೀಗೆಪುಡಿ ನಿಧಾನವಾಗಿ ತಿಕ್ಕಿದೆ. ನಡುವೆ ಅಡುಗೆಮನೆಯಲ್ಲಿ ಸ್ಟೂಲು ಎಳೆಯುವ ಸದ್ದು. ಚಿಲಕಕ್ಕೆ ಕೈ ಹಾಕಿದೆ. ತೆಗೆಯಲಿಲ್ಲ. ಮತ್ತೆ ಕೂತು ಇನ್ನೊಂದು ಚೊಂಬು ನೀರು ಹೊಯ್ದುಕೊಂಡೆ.